ಕಾಕುವಿನ ತವರಿನ ಹೆಸರು

ಮೊನ್ನೆ ಮುಂಬಯಿಯ ದಹಿಸರಿನ ನಮ್ಮ ಮನೆಯಲ್ಲಿ ಸೊಸೆ ಚಟ್ನಿಪುಡಿಗೆ ಅಗಸಿ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೈಕುಲ್ಲಾ ಚಾಳಿನಲ್ಲಿ ಸದಾ ಅಗಸಿ ಹುರಿಯುತ್ತಿದ್ದ ನೆರೆಮನೆಯ ಕಾಕು ನೆನಪಾದರು. ಎಷ್ಟು ವರ್ಷವಾಯಿತೋ... ಲೆಕ್ಕ ತಪ್ಪಿದೆ.

ಮದುವೆಯಾಗಿ ಧಾರವಾಡದಿಂದ ಆ ಚಾಳಿಗೆ ಬಂದಾಗ ನನಗೆ ಹದಿನೇಳು. ಮಗ್ಗುಲ ಖೋಲಿಯಲ್ಲಿ ಕಾಕು, ಗಿರಣಿಯಲ್ಲಿ ಗುಮಾಸ್ತರಾಗಿದ್ದ ಕಾಕಾ, ಹತ್ತು ವರ್ಷದ ಅವರ ಮಗ. ನಲ್ಲಿಯ ಮುಂದೆ ಜಗಳವಾಡಲು ನನಗೆ ಕಲಿಸಿದವರು ಕಾಕು. ಕಾಕಾಗೆ ಅಂಗಿಯ ಗುಂಡಿಯನ್ನೂ ಅವರೇ ಹುಡುಕಿಕೊಡಬೇಕು. ಮಗನಿಗಂತೂ ಅವರ ಸೆರಗು ಹಿಡಿಯದೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ವರ ಅದರಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಹಳೆಯದು ಅಲ್ಲಿಗೆ ಮುಗಿಯಿತು. ನನಗೋ ಹೊಸ ಹೆಸರು ಮೈಗೆ ಹತ್ತಿರಲಿಲ್ಲ. ಅತ್ತೆ ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನಿದ್ದು ಬೈಸಿಕೊಳ್ಳುತ್ತಿದ್ದೆ. ಕಾಕುಗೆ ಇದು ದೊಡ್ಡ ತಮಾಷೆ. ಮಧ್ಯಾಹ್ನ ಗಂಡಸರಿಲ್ಲದಾಗ ನನ್ನನ್ನು ತವರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಒಂದು ದಿನ ತಮ್ಮ ತವರಿನ ಹೆಸರನ್ನೂ ಹೇಳಿ, ಒಂದು ಸಲ ಕರೆ ಎಂದರು. ಕರೆದೆ. ಅಷ್ಟು ದೊಡ್ಡ ಹೆಂಗಸು ನಾಚಿ ಬಾಯಿಗೆ ಸೆರಗು ಹಿಡಿದರು. ಆ ಹೆಸರನ್ನು ಇಲ್ಲಿ ಬರೆಯಲು ಮನಸ್ಸಾಗುತ್ತಿಲ್ಲ.

ಅದೇ ವರ್ಷ ಮಳೆಗಾಲದ ಕೊನೆಗೆ ಅವರಿಗೆ ವಿಷಮಶೀತ ಜ್ವರ ಬಂತು. ಎರಡನೆಯ ವಾರ ಎಚ್ಚರ ತಪ್ಪಿತು. ಹೆಸರು ಹಿಡಿದು ಕರೆಯುತ್ತಿರಿ ಎಂದು ಹೇಳಿ ಡಾಕ್ಟರು ಹೋದರು. ಕಾಕಾ ತಾವು ಇಟ್ಟ ಹೆಸರಿನಿಂದ ಕರೆದೇ ಕರೆದರು. ಮಗ ಅವ್ವಾ ಅವ್ವಾ ಎಂದು ಗಂಟಲು ಹರಿದುಕೊಂಡ. ರೆಪ್ಪೆ ಅಲುಗಲಿಲ್ಲ. ನಾನು ತಡೆಯಲಾಗದೆ, ತವರಿನ ಹೆಸರು ಹಿಡಿದು ಕರೆದು ನೋಡಿ ಎಂದೆ. ಅಂದ ಮೇಲೆ ಹೆದರಿಕೆಯಾಯಿತು.

"ಗೊತ್ತದ ನನಗ," ಎಂದರು ಕಾಕಾ. "ಬಾಯಿಗೆ ಬರವಲ್ತು. ನೀನ ಕರಿ ಯವ್ವಾ."

ಕಿವಿಯ ಹತ್ತಿರ ಬಾಗಿ ಕರೆದೆ. ಮೂರನೆಯ ಸಲಕ್ಕೆ ಕಾಕು ಕಣ್ಣು ಬಿಟ್ಟರು. ಕಾಕಾ ಕೈ ಹಿಡಿದರೆ, ಯಾರೋ ಪರಗಂಡಸು ಮುಟ್ಟಿದ ಹಾಗೆ ಎಳೆದುಕೊಂಡರು. ಎದುರಿಗಿದ್ದ ಮಗನನ್ನು ಬಿಟ್ಟು ಬಾಗಿಲ ಕಡೆ ನೋಡಿದರು.

"ಅವ್ವ ಬಂದಳೇನು?" ಎಂದರು. ಅವರ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮತ್ತೆ ಕಣ್ಣು ಮುಚ್ಚಿದವರು ತೆರೆಯಲಿಲ್ಲ. ಮರುದಿನ ಹೋಗಿಬಿಟ್ಟರು.

ಕಾಕಾ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಅವರನ್ನು ಕರೆದು ತಂದೆನೋ, ಗಂಡ-ಮಗನಿಂದ ಬಿಡಿಸಿ ಕಳಿಸಿದೆನೋ... ಒಂದು ದಿನ ಹೀಗನ್ನಿಸುತ್ತದೆ, ಇನ್ನೊಂದು ದಿನ ಹಾಗೆ. ಇಂದಿಗೂ ಬಗೆಹರಿದಿಲ್ಲ.

ಆ ಮಗ ಈಗ ಮೊಮ್ಮಕ್ಕಳ ಅಜ್ಜ. ನನ್ನನ್ನು ಮೊದಲಿನ ಹಾಗೆಯೇ ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ಮೊನ್ನೆ ಮನಸ್ಸು ತಡೆಯದೆ ಅವನಿಗೆ ಫೋನ್ ಮಾಡಿದೆ. ಬಿಪಿ, ಮಂಡಿನೋವಿನ ಮಾತೆಲ್ಲ ಮುಗಿದ ಮೇಲೆ ಅವನೇ ಕೇಳಿದ.

"ವೈನಿ, ಅವತ್ತ ನೀವು ಆ ಹೆಸರಿಲೆ ಕರೀದ ಇದ್ದಿದ್ರ, ಅವ್ವ ನನ್ನ ನೋಡತಿದ್ಲೇನು?"

ಇಲ್ಲ ಎಂದರೆ ನಾನು ತಪ್ಪಿನಿಂದ ಪಾರಾಗುತ್ತಿದ್ದೆ. ಅವನಿಗೆ ಏನು ಉಳಿಯುತ್ತಿತ್ತು?

"ನೋಡತಿದ್ರಪ್ಪಾ," ಎಂದೆ. "ನಿನ್ನನ್ನ ನೋಡತಿದ್ರು."