ಬೈರಣ್ಣನ ಬಲಗಿವಿ

ನಾವು ಮಾತಾಡಿಸಿದರೆ ಸಾಕು, ಬೈರಣ್ಣ ಮುಖವನ್ನು ಅತ್ತ ತಿರುಗಿಸುತ್ತಿದ್ದ. ಮೊದಲ ಸಲ ಕಂಡವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ‘ಏನ್ಲಾ ಇವ್ನ ಧಿಮಾಕು!’ ಅಂತ ನಾನೂ ಬೈದುಕೊಂಡವನೇ. ಆಮೇಲೆ ತಿಳಿಯಿತು, ಅವನ ಎಡಗಿವಿ ಪೂರ್ತಿ ಹೋಗಿತ್ತು. ನಮ್ಮ ಮಾತು ಒಂದೂ ತಪ್ಪಬಾರದೆಂದು ಬಲಗಿವಿಯನ್ನು ನಮ್ಮ ಕಡೆ ಕೊಡುತ್ತಿದ್ದನಷ್ಟೆ. ಹಾಗೆ ಕಿವಿ ಕೊಟ್ಟುಕೊಂಡು ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಊಟ ಆಯ್ತಾ?’ ಅವನು ಕಲಿತ ಮೊದಲ ಕನ್ನಡವೇ ಅದು. ಗ್ಲೌಸು ಕಟ್ಟಿ ನನ್ನ ದವಡೆಗೆ ಗುದ್ದುವ ಮುಂಚೆಯೂ ಅದನ್ನೇ ಕೇಳುತ್ತಿದ್ದ.

ಎದುರಿಗೆ ನಾನು ಅವನಿಗೆ ‘ನೀವು’ ಅನ್ನುತ್ತಿದ್ದೆ. ನೆನೆಸಿಕೊಳ್ಳುವಾಗ ಮಾತ್ರ ಬಾಯಿಗೆ ಏಕವಚನವೇ ಬರುತ್ತದೆ, ಏನು ಮಾಡಲಿ.

ಅವನ ನಿಜವಾದ ಹೆಸರು ಬಾಯಿರ್. ನಮ್ಮ ಜನ ಅದನ್ನು ಒಂದೇ ವಾರದಲ್ಲಿ ಬೈರಣ್ಣ ಮಾಡಿಬಿಟ್ಟರು. ರಷ್ಯಾದವನು. ಅವನ ತೂಕದವರಲ್ಲಿ ಇಡೀ ದೇಶಕ್ಕೇ ಬಾಕ್ಸಿಂಗ್ ಚಾಂಪಿಯನ್ ಆಗಿದ್ದವನು. ಅವನ ತಮ್ಮ ಗುರುಪುರದ ಟಿಬೆಟ್ ಮಠದಲ್ಲಿ ಸನ್ಯಾಸಿಯಾಗಿ ಓದುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ತಮ್ಮನನ್ನು ನೋಡಿಹೋಗಲು ಬಂದವನು ಇಲ್ಲಿರಲು ಬೇಕಾದ ಪರ್ಮಿಟ್ಟು ಮುಂದಕ್ಕೆ ಹಾಕಿಸಿಕೊಂಡು ಹಾಕಿಸಿಕೊಂಡು ಅಲ್ಲೇ ಉಳಿದ. ಗುರುಪುರದಿಂದ ನಮ್ಮೂರಿಗೆ ಎರಡು ಮೈಲಿ. ಅಗಲ ಕೆನ್ನೆ, ಕಿರುಗಣ್ಣು ನೋಡಿ ಎಲ್ಲರೂ ಅವನನ್ನು ಟಿಬೆಟಿನವನೆಂದೇ ನಂಬಿದ್ದರು. ‘ರಷ್ಯಾದವ್ರು ಸುಣ್ಣ ಬಳ್ದಂಗೆ ಬೆಳ್ಳಗಿರ್ತಾರೆ ಕಣ್ಲಾ, ಇವ್ರ್ಯಾವ ರಷ್ಯಾ?’ ಅಂತ ನಮ್ಮಪ್ಪನ ವಾದ. ತನ್ನೂರ ಹತ್ತಿರ ಸಮುದ್ರದಷ್ಟು ದೊಡ್ಡ ಕೆರೆ ಇದೆ, ಚಳಿಗಾಲದಲ್ಲಿ ಅದು ಕಲ್ಲಾಗುತ್ತದೆ, ಅದರ ಮೇಲೆ ಲಾರಿ ಓಡುತ್ತದೆ ಎಂದು ಅವನು ಹೇಳಿದ ದಿನ ಟೀ ಅಂಗಡಿಯಲ್ಲಿದ್ದವರೆಲ್ಲ ‘ಬುಡಣ್ಣ, ಬುಡು!’ ಎಂದು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ.

ನಾನಾಗ ಹುಣಸೂರಿನಲ್ಲಿ ಕಾಲೇಜು ಮುಗಿಸಿ, ಮನೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ ಬಿದ್ದಿದ್ದೆ. ಕಾಲೇಜಿನಲ್ಲಿ ಹತ್ತಿದ ಬಾಕ್ಸಿಂಗ್ ಹುಚ್ಚು ಇಳಿದಿರಲಿಲ್ಲ. ಜಿಲ್ಲೆಯ ಆಯ್ಕೆ ಪಂದ್ಯ ಗೆದ್ದರೆ ರಾಜ್ಯದ ತಂಡ, ಅಲ್ಲಿಂದ ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸ. ಆದರೆ ವಯಸ್ಸು ಮೀರುತ್ತಿತ್ತು. ಇನ್ನೊಂದೇ ಒಂದು ವರ್ಷ ಅವಕಾಶ. ಅದು ತಪ್ಪಿದರೆ ಬ್ಯಾರನ್ನೇ ಗತಿ. ಹೋಗಿ ಬೈರಣ್ಣನ ಮುಂದೆ ನಿಂತೆ. ಅವನು ಬಲಗಿವಿ ಕೊಟ್ಟು ಎಲ್ಲ ಕೇಳಿಸಿಕೊಂಡು, ‘ಊಟ ಮಾಡು. ನಾಳೆ ಬಾ’ ಅಂದ.

ಮೊದಲ ತಿಂಗಳು ಕೈ ಎತ್ತಲಿಕ್ಕೇ ಬಿಡಲಿಲ್ಲ. ಹೊಗೆಸೊಪ್ಪಿನ ಸಾಲುಗಳ ನಡುವೆ ಹಿಂದಕ್ಕೆ ಹಿಂದಕ್ಕೆ ಓಡಿಸಿದ, ಒಂದು ಎಲೆಯೂ ಮುರಿಯಕೂಡದು. ‘ಕೈ ಆಮೇಲೆ. ಕಾಲು ಮೊದ್ಲು’ ಅನ್ನುತ್ತಿದ್ದ. ಅಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ‘ಏನ್ಲಾ ಮಾದೇಸ, ಕೆಂಡ ತುಳ್ದ ಕೋಳಿ ಅಂಗೆ ಕುಣೀತಿದೀಯ!’ ಎಂದು ಆಡಿಕೊಳ್ಳುತ್ತಿದ್ದ. ಅಪ್ಪ ಕುಸ್ತಿಯವನು. ಆಡಿದ್ದು ಕಡಿಮೆ, ನೋಡಿದ್ದು ಬಹಳ. ಸಾಲಿಗ್ರಾಮದಿಂದ ಎಚ್.ಡಿ. ಕೋಟೆಯವರೆಗೆ ಎಲ್ಲಿ ಕುಸ್ತಿಯಿದ್ದರೂ ಹಾಜರು. ಹೋದಾಗಲೆಲ್ಲ ಹೆಗಲ ಮೇಲಿನ ಟವಲ್ ಕಳೆದುಕೊಂಡು ಬರುತ್ತಿದ್ದ, ಅವ್ವನಿಂದ ಬೈಸಿಕೊಳ್ಳುತ್ತಿದ್ದ. ಬೈರಣ್ಣನಿಗೂ ಅವನಿಗೂ ಗಂಟೆಗಟ್ಟಲೆ ಮಾತು. ಯಾರಿಗೆ ಏನು ತಿಳಿಯುತ್ತಿತ್ತೋ ದೇವರೇ ಬಲ್ಲ. ಅಪ್ಪ ಹುಣಸೂರು ಸಂತೆಯಿಂದ ತನಗೊಂದು ಅವನಿಗೊಂದು ಕೆಂಪಂಚಿನ ಬಿಳಿ ಟವಲ್ ತಂದುಕೊಟ್ಟಿದ್ದ. ಅದನ್ನು ಹೆಗಲಿಗೆ ಹಾಕಿಕೊಂಡು ಇಬ್ಬರೂ ಬೀಗರ ಹಾಗೆ ಓಡಾಡುತ್ತಿದ್ದರು.

ನನ್ನದೊಂದು ರೋಗ ಹೇಳಿಬಿಡಬೇಕು. ನಮ್ಮ ವಂಶಕ್ಕೇ ಮುನಿಸು ಜಾಸ್ತಿ, ಅದರಲ್ಲೂ ನನಗೆ ವಿಪರೀತ. ಚಿಕ್ಕಪ್ಪನ ಎಮ್ಮೆ ಬದು ದಾಟಿ ಬಂದು ಸಸಿ ತುಳಿಯಿತೆಂದು ಮೂರು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಇದನ್ನು ಅಪ್ಪ ಹೇಳಿದಾಗ ಬೈರಣ್ಣ ನಂಬಲಿಲ್ಲ. ಮೂರು ಬೆರಳೆತ್ತಿ, ‘ಮೂರು ವರ್ಷ? ಎಮ್ಮೆಗೆ?’ ಎಂದು ನನ್ನನ್ನೇ ನೋಡಿದ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಅವನು ನಗಲಿಲ್ಲ.

ತನ್ನ ಕಿವಿಯ ಕತೆಯನ್ನು ಅವನು ಹೇಳಿದ್ದು ಒಂದೇ ಸಲ, ಬ್ಯಾರನ್ನಿನ ನೆರಳಲ್ಲಿ ಕೂತು. ಅವನಪ್ಪ ಕುದುರೆ ಕಾಯುತ್ತಿದ್ದನಂತೆ. ಹದಿನಾಲ್ಕಕ್ಕೆ ಇವನು ಪಟ್ಟಣದ ಆಟದ ಶಾಲೆಗೆ ಸೇರಿದ, ಇಪ್ಪತ್ತೆರಡಕ್ಕೆ ಚಾಂಪಿಯನ್ ಆದ. ಅಷ್ಟರಲ್ಲಿ ದೇಶವೇ ಒಡೆದು ಹೋಳಾಯಿತು, ಸಂಬಳ ನಿಂತಿತು, ಅವನ ಕೋಚ್ ಟ್ಯಾಕ್ಸಿ ಓಡಿಸತೊಡಗಿದ. ಒಂದು ಪಂದ್ಯ ಗೆದ್ದಿದ್ದರೆ ಇಬ್ಬರೂ ಹೊರದೇಶಕ್ಕೆ ಹೋಗಿ ಬದುಕಿಕೊಳ್ಳಬಹುದಿತ್ತು. ಎರಡನೇ ರೌಂಡಿನಲ್ಲಿ ಎಡಗಿವಿಗೆ ಏಟು ಬಿತ್ತು. ಮೂರನೆಯದರಲ್ಲಿ ಎರಡು ಸಲ ಬಿದ್ದು ಎರಡು ಸಲ ಎದ್ದ. ಕೋಚ್ ಟವಲ್ ಎಸೆದರೆ ಸೋಲೊಪ್ಪಿಕೊಂಡ ಹಾಗೆ, ಆಟ ಅಲ್ಲಿಗೇ ನಿಲ್ಲುತ್ತದೆ. ‘ಕೈಯಲ್ಲಿ ಟವಲ್ ಇತ್ತು. ನಾನು ನೋಡ್ದೆ. ಹಾಕ್ಲಿಲ್ಲ’ ಎಂದ ಬೈರಣ್ಣ. ಆಮೇಲಿಂದ ಆ ಕಿವಿಯಲ್ಲಿ ಸದ್ದಿಲ್ಲ, ಅವನು ಮತ್ತೆ ಬಾಕ್ಸಿಂಗ್ ರಿಂಗಿಗೆ ಇಳಿದದ್ದೂ ಇಲ್ಲ.

‘ನನ್ ಮ್ಯಾಚಲ್ಲಿ ಮಾತ್ರ ಟವಲ್ ಎಸೀಬೇಡಿ ಕಣಣ್ಣ, ನಿಮ್ ದಮ್ಮಯ್ಯ’ ಅಂದೆ.

‘ನೋಡೋಣ’ ಅಂದ.

ಆಯ್ಕೆ ಪಂದ್ಯ ನಡೆದದ್ದು ಕೆ.ಆರ್. ನಗರದ ಒಂದು ಮೈದಾನದಲ್ಲಿ. ಮೂಲೆಯಲ್ಲಿ ಕೋಚ್ ಜೊತೆ ಬಕೆಟ್ಟು ಹಿಡಿಯಲು ಇನ್ನೊಬ್ಬ ಬೇಕಿತ್ತು, ‘ನಾನಿಲ್ವೇನ್ಲಾ’ ಎಂದು ಅಪ್ಪ ಬಂದು ನಿಂತ. ಇಬ್ಬರ ಹೆಗಲ ಮೇಲೂ ಸಂತೆಯ ಟವಲ್. ನನ್ನೆದುರು ಮೈಸೂರಿನ ಹುಡುಗ, ನನಗಿಂತ ಗೇಣು ಎತ್ತರ. ಮೊದಲ ರೌಂಡು ಅವನದು. ಎರಡನೆಯದರಲ್ಲಿ ನನ್ನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಬೈರಣ್ಣ ರಕ್ತ ಒರೆಸಿ, ಬೆರಳು ತೋರಿಸಿ ‘ಎಷ್ಟು?’ ಎಂದ. ಎರಡೋ ಮೂರೋ ತಿಳಿಯದೆ ‘ಎರಡು’ ಅಂದೆ. ಅವನು ನನ್ನ ಮುಖ ನೋಡಿ, ಬೆನ್ನು ತಟ್ಟಿ ರಿಂಗಿಗೆ ಬಿಟ್ಟ.

ಮೂರನೇ ರೌಂಡಿನಲ್ಲಿ ಕಾಲು ಮಾತು ಕೇಳಿತು. ಹೊಗೆಸೊಪ್ಪಿನ ಸಾಲಲ್ಲಿ ಓಡಿದ ಹಾಗೆ ಹಿಂದಕ್ಕೆ ಜಾರಿ ಜಾರಿ ಅವನನ್ನು ಎಳೆದುಕೊಂಡು ಬಂದೆ. ಕೈ ಇಳಿಸಿದ ನೋಡಿ, ಕೊಟ್ಟೆ ಬಲಗೈಯಿಂದ ಒಂದು! ಅವನು ಹಗ್ಗಕ್ಕೆ ಒರಗಿದ. ಜನ ಹೋ ಎಂದು ಎದ್ದರು. ಇನ್ನೊಂದು ಬಿದ್ದಿದ್ದರೆ ಮುಗಿದಿತ್ತು. ಕೈ ಎತ್ತಿದ್ದೇನೆ, ಕಾಲ ಹತ್ತಿರ ಏನೋ ಬೆಳ್ಳಗೆ ಬಿತ್ತು. ರೆಫರಿ ಮಧ್ಯೆ ನುಗ್ಗಿ ಎರಡೂ ಕೈ ಆಡಿಸಿದ. ನೋಡಿದರೆ, ಟವಲ್. ಕೆಂಪಂಚಿನದು, ನಮ್ಮ ಮೂಲೆಯಿಂದ ಬಂದದ್ದು. ಹಗ್ಗಕ್ಕೆ ಒರಗಿದ್ದವನ ಕೈಯನ್ನು ಎತ್ತಿಹಿಡಿದರು.

ತಿರುಗಿ ನೋಡಿದೆ. ಅಪ್ಪನ ಹೆಗಲೂ ಬರಿದು, ಬೈರಣ್ಣನ ಹೆಗಲೂ ಬರಿದು. ಅವನ ಟವಲ್ ನನ್ನ ರಕ್ತ ಒರೆಸಿ ಬಕೆಟ್ಟಿಗೆ ಬಿದ್ದಿತ್ತೆಂದು ಯೋಚಿಸುವ ಬುದ್ಧಿ ನನಗಾಗ ಎಲ್ಲಿಂದ ಬರಬೇಕು? ಬೈರಣ್ಣ ಹಗ್ಗದ ಅಡಿಯಿಂದ ಕೈ ಹಾಕಿ ಟವಲ್ ಎತ್ತಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ‘ನಾನು ಹಾಕ್ದೆ. ಕಣ್ಣು. ರಕ್ತ’ ಅಂದ.

ಅಯ್ಯೋ, ನಾನಾಡಿದ ಮಾತು! ‘ನಿನ್ ಕಿವಿ ಹೋಯ್ತು ಅಂತ ನನ್ ಹಣೆಬರಹನೂ ಕಿತ್ಕೊಂಡ್ಯಾ? ಪುಕ್ಕಲ! ನಿನ್ ಕೋಚೇ ಗಂಡಸು ಕಣೋ!’ ಅಂದೆ. ನಾನು ಬಾಯಿ ತೆರೆದೊಡನೆ ಅಭ್ಯಾಸದಂತೆ ಬಲಗಿವಿ ಕೊಟ್ಟು ನಿಂತಿದ್ದ. ಒಂದಕ್ಷರ ಬಿಡದೆ ಕೇಳಿಸಿಕೊಂಡ. ಅಪ್ಪ ಬಕೆಟ್ಟು ನೋಡುತ್ತಾ ನಿಂತಿದ್ದ.

ಎರಡು ವರ್ಷ ಬೈರಣ್ಣನ ಜೊತೆ ಮಾತು ಬಿಟ್ಟೆ. ಹುಣಸೂರು ಸಂತೆಯಲ್ಲಿ ಎದುರಾದರೆ ದೂರದಿಂದಲೇ ‘ಊಟ ಆಯ್ತಾ?’ ಅನ್ನುತ್ತಿದ್ದ. ನಾನು ಕ್ಯಾಕರಿಸಿ ಉಗಿದು ಮುಂದಕ್ಕೆ ಹೋಗುತ್ತಿದ್ದೆ. ಅಪ್ಪ ಮಾತ್ರ ಅವರೆಕಾಯಿ ಕಟ್ಟಿಕೊಂಡು ಆಗಾಗ ಗುರುಪುರಕ್ಕೆ ಹೋಗಿಬರುತ್ತಿದ್ದ. ‘ಹೋಗ್ಲಿ ಬುಡ್ಲಾ ಮಗ, ದೇವ್ರಂಥ ಮನ್ಸ’ ಅಂದರೆ ನಾನು ತಟ್ಟೆ ತಳ್ಳಿ ಎದ್ದುಬಿಡುತ್ತಿದ್ದೆ. ಬ್ಯಾರನ್ನಿಗೆ ಸೌದೆ ಒಟ್ಟುವಾಗ ಒಂದೊಂದು ತುಂಡಿಗೂ ಅವನನ್ನು ಶಪಿಸುತ್ತಿದ್ದೆ.

ಆಮೇಲೊಂದು ಮಧ್ಯಾಹ್ನ ಪಿರಿಯಾಪಟ್ಟಣದಲ್ಲಿ ಕುಸ್ತಿ. ಅಪ್ಪನಿಗೆ ಮಂಡಿನೋವು ಶುರುವಾಗಿತ್ತು, ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ. ಅಂಥದ್ದಕ್ಕೆ ಅವನ ಜೊತೆ ನಾನು ಹೋದದ್ದು ಅದೇ ಮೊದಲು. ಸಣಕಲ ಪೈಲ್ವಾನನೊಬ್ಬ ಆನೆಯಂಥವನನ್ನು ಸೊಂಟದ ಮೇಲೆ ಹೊತ್ತು ಬೆನ್ನಡಿಯಾಗಿ ಕೆಡವಿದ. ‘ಶಹಬ್ಬಾಸ್!’ ಎಂದು ಅಪ್ಪ ಎಗರಿದ. ಹೆಗಲ ಮೇಲಿನ ಟವಲ್ ಆಕಾಶಕ್ಕೆ ಹಾರಿ ಅಖಾಡದ ಮಣ್ಣಿಗೆ ಬಿತ್ತು. ಅವನೊಬ್ಬನದಲ್ಲ, ಹತ್ತಿಪ್ಪತ್ತು ಟವಲ್ ಹಾರಿದವು. ನಮ್ಮ ಕಡೆ ಕುಸ್ತಿ ಮೆಚ್ಚುವ ರೀತಿಯೇ ಹಾಗೆ.

ಎಸೆದ ಕೈ ಮೇಲೆಯೇ ಇತ್ತು. ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದ.

‘ಮಗ... ಅದು ಬಿದ್ರೆ ಆಟ ಮುಗೀತದೆ ಅಂತ ನಂಗೆ ಗೊತ್ತಿರ್ನಿಲ್ಲ ಕಣ್ಲಾ. ಅವತ್ತು ನೀನು ಆ ಹುಡುಗುಂಗೆ ಒಡ್ದೆ ನೋಡು, ಕುಸಿಗೆ ಕೈ ತಡೀನಿಲ್ಲ. ನಿಂಗೆ ಹೇಳ್ಬೇಡಿ ಅಂತ ಬೈರಣ್ಣೋರೇ ಬಾಸೆ ಈಸ್ಕಂಡ್ರು.’

ಅವನನ್ನು ಬೈಕಿಗೆ ಹತ್ತಿಸಿಕೊಂಡು ಹೊರಟೆ. ಊರಿನವರೆಗೂ ಮಾತಾಡಲಿಲ್ಲ. ಎದೆಯೊಳಗೆ ಆ ಹಳೇ ಮುನಿಸು ಏಳುತ್ತಿದ್ದುದು ನನಗೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಅಪ್ಪ ‘ರೊಟ್ಟಿ ತಿನ್ನು ಬಾರ್ಲಾ’ ಎಂದು ಕರೆದರೆ ಕೇಳಿಸದವನ ಹಾಗೆ ಬೈಕು ಹತ್ತಿ ಗುರುಪುರಕ್ಕೆ ಹೋದೆ. ಬೈರಣ್ಣನ ತಮ್ಮ ಸಿಕ್ಕಿದ. ಈ ಸಲ ಪರ್ಮಿಟ್ಟು ಮುಂದಕ್ಕೆ ಹೋಗಲಿಲ್ಲವಂತೆ, ಅಣ್ಣ ಈಗಷ್ಟೆ ಹುಣಸೂರಿಗೆ ಹೊರಟನಂತೆ, ರಷ್ಯಾಕ್ಕೇ ವಾಪಸ್ಸಂತೆ. ಹುಣಸೂರಿನವರೆಗೆ ಹೇಗೆ ಬೈಕು ಓಡಿಸಿದೆನೋ ನೆನಪಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಒಂದು ಚೀಲ ಹಿಡಿದು ನಿಂತಿದ್ದ. ಬೆಂಗಳೂರು ಬಸ್ಸಿಗೆ ಜನ ಹತ್ತುತ್ತಿದ್ದರು. ಹೋಗಿ ಅವನ ತೋಳು ಹಿಡಿದೆ.

‘ಯಾಕ್ ಹೇಳ್ಲಿಲ್ಲ ನೀವು? ಅಷ್ಟೊಂದು ಬೈದೆನಲ್ಲಣ್ಣ, ಯಾಕ್ ಬೈಸ್ಕೊಂಡ್ರಿ?’

ಬಲಗಿವಿ ಕೊಟ್ಟು ಕೇಳಿದ. ಮೂರು ಬೆರಳೆತ್ತಿದ. ‘ಎಮ್ಮೆಗೆ ಮೂರು ವರ್ಷ. ನಂಗೆ ಗೊತ್ತು. ನಾನು ಗುರುಪುರ, ನೀನು ನಿಮ್ಮೂರು. ನನ್ ಮೇಲೆ ಕೋಪ ಮಾಡು, ತೊಂದ್ರೆ ಇಲ್ಲ. ಅಪ್ಪ, ನೀನು, ಒಂದೇ ಮನೆ. ಊಟ ಹೆಂಗೆ ಮಾಡ್ತೀರಿ?’

ಕಂಡಕ್ಟರು ‘ರೈಟ್ ರೈಟ್’ ಅಂದ. ಬೈರಣ್ಣ ನನ್ನ ಹುಬ್ಬಿನ ಗಾಯದ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ಬಸ್ಸು ಹತ್ತಿದ. ಬಸ್ಸು ಅಲುಗಿದ ಮೇಲೆ ನನಗೆ ಬಾಯಿ ಬಂತು. ‘ತಪ್ಪಾಯ್ತು ಬೈರಣ್ಣ! ತಪ್ಪಾಯ್ತು ಕಣಣ್ಣ!’ ಎಂದು ಕೂಗಿಕೊಂಡು ಕಿಟಕಿಯ ಪಕ್ಕದಲ್ಲೇ ಓಡಿದೆ. ಅವನು ಕೂತಿದ್ದು ಎಡಗಡೆಯ ಕಿಟಕಿಯಲ್ಲಿ. ನನ್ನ ಕಡೆಗಿದ್ದುದು ಎಡಗಿವಿ. ಹೊರಳಿ ನನ್ನನ್ನು ಕಂಡ, ಏನೂ ಕೇಳಿಸಿರಲಿಲ್ಲ, ನಕ್ಕ. ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬು ಹಾರಿಸಿದ.

ಮತ್ತೆ ಅವನನ್ನು ನೋಡಲಿಲ್ಲ. ಒಂದು ಕಾಗದವೂ ಬರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಪ್ಪ ಜಗಲಿಯಲ್ಲಿ ಕೂತಿದ್ದ, ಬೆಳಗಿನಿಂದ ಏನೂ ಮುಟ್ಟಿಲ್ಲವೆಂದು ಅವ್ವ ಒಳಗಿನಿಂದ ಗೊಣಗುತ್ತಿದ್ದಳು. ತಲೆಯೆತ್ತದೆ ಕೇಳಿದ, ‘ಎಲ್ಲಿಗೋಗಿದ್ದೆ?’

‘ಬೈರಣ್ಣನ್ನ ಬಸ್ ಹತ್ತಿಸೋಕೆ.’

ಅಪ್ಪ ತಲೆಯೆತ್ತಿದ. ‘ಏನಂದ್ರು?’

‘ಊಟ ಆಯ್ತಾ ಅಂದ್ರು’ ಎಂದು ಅವನ ಪಕ್ಕದಲ್ಲಿ ಕೂತುಕೊಂಡೆ. ‘ಅವ್ವಾ, ಇಬ್ರಿಗೂ ಮುದ್ದೆ ಇಕ್ಕು.’