ತೊಳೆಯಬಾರದ ಮರಳು

ನನ್ನ ಅಕ್ಕ ಇಮೆಲ್ಡಾಳ ಗಂಡ ಸ್ಟ್ಯಾನಿಸ್ಲಾಸ್ ಬಹರೈನಿನಿಂದ ಕಾಪುವಿಗೆ ಹಿಂತಿರುಗಿದ್ದು 1979ರಲ್ಲಿ. ಉಳಿದವರು ಟೇಪ್ ರೆಕಾರ್ಡರ್, ಸೆಂಟು, ಕಂಬಳಿ ತಂದರೆ ಭಾವ ತಂದದ್ದು ನೀರಿಗೆ ಗಾಳಿ ಊದುವ ಒಂದು ಪಂಪು. ಅಲ್ಲಿ ಯಾವುದೋ ಹೋಟೆಲಿನ ಮೀನಿನ ತೊಟ್ಟಿ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಊರಿನಲ್ಲೂ ಗಾಜಿನ ತೊಟ್ಟಿ ಮಾಡಿಸಿ, ಕಡಲ ನೀರು ತುಂಬಿಸಿ, ಬಂಡೆಗಳ ಸಂದಿಯಲ್ಲಿ ಹಿಡಿದ ನಾಲ್ಕು ಪಟ್ಟೆ ಮೀನುಗಳನ್ನು ಸಾಕಿದರು. ಮೀನು ಮಾರುವ ಅಪ್ಪಿ ದಿನಾ ಗೇಟಿನಲ್ಲಿ ನಿಂತು, ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಕರೆಯುವ ಹಾಗೆ, "ಪೊರ್ಬುಗಳೇ, ಇವಕ್ಕೆ ಮಸಾಲೆ ಅರೆಯುವುದು ಯಾವಾಗ?" ಎಂದು ಕೇಳುತ್ತಿದ್ದಳು.

ಅವುಗಳಲ್ಲಿ ದೊಡ್ಡದರ ಹೆಸರು ದೊರೆ. ಭಾವ ಕೋಣೆಯ ಯಾವ ಮೂಲೆಗೆ ಹೋದರೂ ಅದು ಗಾಜಿನ ಆಚೆ ಹಿಂಬಾಲಿಸುತ್ತಿತ್ತು. ಮಕ್ಕಳಿಲ್ಲದ ಮನೆ, ಅಕ್ಕ ಬೈಯುತ್ತ ಬೈಯುತ್ತಲೇ ಅದಕ್ಕೆ ಸಿಗಡಿ ಸುಲಿಯುತ್ತಿದ್ದಳು.

1984ರಲ್ಲಿ ಅಕ್ಕನಿಗೆ ಕಾರ್ಕಳದ ಶಾಲೆಗೆ ವರ್ಗವಾಯಿತು. ಅಮ್ಮ ಮತ್ತು ನಾನು ಇದ್ದ ನಮ್ಮ ತವರಿನ ಪಕ್ಕದಲ್ಲೇ ಬಾಡಿಗೆ ಮನೆ ಸಿಕ್ಕಿತು. ಮೀನುಗಳನ್ನು ಕಡಲಿಗೆ ಬಿಟ್ಟು ಬನ್ನಿ ಎಂದು ಅಕ್ಕ ಹೇಳಿದ್ದಕ್ಕೆ ಭಾವ ಒಂದು ಹೊತ್ತು ಊಟ ಬಿಟ್ಟರು. ಕೊನೆಗೆ ಗುರುವಾರ ಟೆಂಪೋ ಹೊರಟಿತು: ತೊಟ್ಟಿ, ಕ್ಯಾನುಗಳಲ್ಲಿ ಹಳೆಯ ನೀರು ಮತ್ತು ಮೀನು, ಎರಡು ಬಕೆಟ್ ಮರಳು. ದಾರಿಯಲ್ಲಿ ಬೆಳ್ಮಣ್ಣಿನಲ್ಲಿ ಚಹಾಕ್ಕೆ ನಿಲ್ಲಿಸಿದರೆ ಇಬ್ಬರು ಚೀಲ ಹಿಡಿದುಕೊಂಡೇ ಬಂದರಂತೆ. "ಜೀವ ಉಂಟು ಮಾರಾಯ, ಎಷ್ಟಕ್ಕೆ ಕೊಡ್ತೀರಿ?"

ಬಂದಿಳಿದವರೇ ಭಾವ ಎಲ್ಲರಿಗೂ ಹೇಳಿದರು: "ಮರಳು ಮುಟ್ಟಬೇಡಿ. ಆ ಕೊಳೆಯೇ ಮೀನಿನ ಹೊಲಸು ತಿಂದು ನೀರನ್ನು ಕಾಯುವುದು." ಇದು ಗಂಡಸರು ಕೆಲಸ ತಪ್ಪಿಸಲು ಹೇಳುವ ಮಾತು ಎಂದುಕೊಂಡೆ. ಭಾನುವಾರ ಪಾದ್ರಿಗಳು ಮನೆ ಆಶೀರ್ವದಿಸಲು ಬರುವವರು, ಈ ಬಕೆಟುಗಳೋ ಗಬ್ಬು ನಾರುತ್ತಿವೆ! ನನ್ನ ಅಮ್ಮ ಅಪೊಲೋನಿಯಾ ಸಾರಿಗೆ ತಂದ ಮರುವಾಯಿ ಚಿಪ್ಪನ್ನು ಏಳು ನೀರಿನಲ್ಲಿ ತೊಳೆಯುವವಳು. ನಾನು ಅವಳ ಮಗಳು ವೆರೊನಿಕಾ. ಭಾವ ವಯರಿಂಗಿನವನನ್ನು ಕರೆಯಲು ಹೋದಾಗ ಮರಳನ್ನು ಏಳು ಸಲ ತೊಳೆದೆ. ಎಂಟನೆಯದಕ್ಕೆ ಹಂಡೆಯ ಕುದಿನೀರು ಸುರಿದೆ. ತೊಟ್ಟಿಯಲ್ಲಿ ಹರಡಿ ಮೇಲೆ ಹಳೆಯ ಕಲಕು ನೀರು ಹೊಯ್ದೆ.

"ತೊಳೆಯಲಿಲ್ಲ ಅಲ್ವಾ?" ಮೀನುಗಳನ್ನು ತೊಟ್ಟಿಗೆ ಬಿಡುವ ಮೊದಲು ಭಾವ ಕೇಳಿದರು.

"ಛೆ, ಇಲ್ಲಪ್ಪ," ಎಂದೆ.

ಶುಕ್ರವಾರ ಒಂದು ಮೀನು ಸತ್ತಿತು. ಶನಿವಾರ ಇನ್ನೊಂದು. ದೊರೆ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಭಾವ ಮಣೆಯ ಮೇಲೆ ಕುಳಿತು, "ಕಡಲಿಗೆ ಬಿಡಬೇಕಿತ್ತು. ನನ್ನ ಆಸೆಗೆ ಕೊಂದೆ," ಎಂದು ಹಲುಬಿದರು. ಭಾವನಿಗೆ ನಿಜ ಹೇಳುವ ಧೈರ್ಯ ಸಾಲಲಿಲ್ಲ. ಸಂಜೆ ಇಗರ್ಜಿಗೆ ಓಡಿ ಪಾಪನಿವೇದನೆಗೆ ಕುಳಿತೆ.

"ಎರಡು ಮೀನು ಕೊಂದೆ ಫಾದರ್."

"ಮೀನು ಪಾಪವಲ್ಲ ಮಗಳೇ. ಮಾಂಸ ಬಿಡುವ ಶುಕ್ರವಾರವೂ ತಿನ್ನಬಹುದು."

ಎಲ್ಲವನ್ನೂ ಹೇಳಿದೆ. ಜಾಲರಿಯ ಆಚೆ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ನಗುವನ್ನು ನುಂಗುತ್ತಿದ್ದರೆಂದು ನನ್ನ ಅನುಮಾನ. "ನಿನಗೆ ಜಪಮಾಲೆ ಪ್ರಾಯಶ್ಚಿತ್ತವಲ್ಲ. ಇಲ್ಲಿಂದ ನೇರವಾಗಿ ಭಾವನ ಹತ್ತಿರ ಹೋಗು. ದೇವರು ಕಾಯುತ್ತಾನೆ, ಮೀನು ಕಾಯುವುದಿಲ್ಲ."

ಹೋಗಿ ಹೇಳಿದೆ. "ಹಾಗಾದರೆ ನಾನು ಕೊಂದದ್ದಲ್ಲವಾ?" ಎಂದರು ಭಾವ ಮೊದಲು. ಆಮೇಲೆ ಸಿಟ್ಟು ಬಂತು. "ಕುದಿನೀರಾ? ನೀನು ಎಂತ, ಸಾರು ಮಾಡಲಿಕ್ಕೆ ಹೊರಟದ್ದಾ?"

ಉಳಿದ ದಾರಿ ಒಂದೇ: ಹೊಸ ಕೊಳೆ ಹುಟ್ಟುವವರೆಗೆ ದಿನಾ ಒಂದಿಷ್ಟು ನೀರು ತೆಗೆದು ತಾಜಾ ಕಡಲ ನೀರು ಹಾಕುವುದು. ತರುವವಳು ನಾನೇ ಎಂದು ಹಟ ಹಿಡಿದೆ. ಬೆಳಗಿನ ಮೊದಲ ಬಸ್ಸಿಗೆ ಕಾಪು, ಎರಡು ಕ್ಯಾನ್ ನೀರು, ಮತ್ತೆ ಕಾರ್ಕಳ. ಕಂಡಕ್ಟರ್ ಪ್ರತಿದಿನ ಮುಚ್ಚಳ ತೆಗೆದು ಮೂಸುತ್ತಿದ್ದ. ಸಾರಾಯಿ ಅಲ್ಲವೆಂದು ಅವನಿಗೆ ವಾರವಾದರೂ ನಂಬಿಕೆ ಬರಲಿಲ್ಲ. ಅಪ್ಪಿ ಸೊಂಟದವರೆಗೆ ನೀರಿಗಿಳಿದು ಕ್ಯಾನ್ ತುಂಬಿಸಿಕೊಡುತ್ತಿದ್ದಳು. "ಬಾಯಮ್ಮ, ಕಡಲನ್ನೇ ಹೊತ್ತುಕೊಂಡು ಹೋಗ್ತೀರಲ್ಲ, ನಾಳೆ ನಮ್ಮ ಗಂಡಸರು ದೋಣಿ ಎಲ್ಲಿ ಇಳಿಸುವುದು?"

ಎರಡನೆಯ ವಾರ ಮೂರನೆಯ ಮೀನೂ ಹೋಯಿತು. ದೊರೆ ಒಂದೇ ಉಳಿಯಿತು, ಅದೂ ಏನನ್ನೂ ಮುಟ್ಟುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಅತ್ತದ್ದುಂಟು.

ಮೂವತ್ತಮೂರನೆಯ ದಿನ ನೀರು ಸುರಿಯುವಾಗ ಗಾಜಿನ ಮೂಲೆಯಲ್ಲಿ, ಮರಳಿನ ಮೇಲೆ, ಕಂದು ಲೋಳೆ ತೆಳ್ಳಗೆ ಕಟ್ಟಿದ್ದು ಕಂಡಿತು. "ಭಾವಾ, ಕೊಳೆ ಬಂತು! ಕೊಳೆ ಬಂತು!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಭಾವ ಅರ್ಧ ಬೋಳಿಸಿದ ಮುಖದಲ್ಲೇ ಓಡಿ ಬಂದು ಗಾಜಿಗೆ ಮೂಗು ಒತ್ತಿ ಕುಳಿತರು. ಸೋಪಿನ ನೊರೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವರು ಹಾಕಿದ ಸಿಗಡಿ ಚೂರನ್ನು ದೊರೆ ಎರಡು ಸಲ ಉಗುಳಿ ಮೂರನೆಯ ಸಲ ನುಂಗಿತು.

ಕೂಗು ಕೇಳಿ ಅಮ್ಮ ಪಕ್ಕದ ಮನೆಯಿಂದ ಒದ್ದೆ ಬಟ್ಟೆಯೊಂದಿಗೆ ಬಂದಳು. "ಅಯ್ಯೋ, ಎಂತ ಹೊಲಸು! ಸರಿ ಆಚೆ, ಒರೆಸಿಬಿಡ್ತೇನೆ," ಎಂದಳು.

ನಾನು ಎರಡೂ ಕೈ ಚಾಚಿ ತೊಟ್ಟಿಗೆ ಅಡ್ಡ ನಿಂತೆ.