ಕಿವಿಯ ಹಿಂದಿನ ಮೂಳೆಗಂಟು

ನನ್ನ ತಂಗಿಯ ಎಡಗಿವಿಯ ಹಿಂದೆ ಕಡಲೆಕಾಳಿನಷ್ಟಿದ್ದ ಗಂಟು ವರ್ಷ ತಿರುಗುವಷ್ಟರಲ್ಲಿ ಗೋಲಿ ಗಾತ್ರವಾಯಿತು. ಅವಳಿಗಾಗ ಹದಿಮೂರು, ನನಗೆ ಹದಿನಾರು. ಅತ್ತ ಜಯನಗರದ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಇತ್ತ ಸಾರಕ್ಕಿಯಲ್ಲಿ ನಾವಿನ್ನೂ ರಾಗಿ ಬೆಳೆಯುತ್ತಿದ್ದೆವು. ಚಿಕ್ಕಂದಿನಿಂದಲೂ ಅವಳ ಆ ಕಿವಿ ಸೋರುತ್ತಿತ್ತು. ಅಜ್ಜಿ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು, ಹತ್ತಿ ತುರುಕಿ, "ದೊಡ್ಡೋಳಾದ್ರೆ ತಾನೇ ನಿಲ್ತದೆ" ಎನ್ನುತ್ತಿದ್ದಳು. ಗಂಟು ಮಾತ್ರ ಅಜ್ಜಿಯ ನಿದ್ದೆ ಕೆಡಿಸಿತು. ಒತ್ತಿದರೆ ನೋಯದು, ಜರುಗದು.

ಪೇಟೆಯ ದೊಡ್ಡಾಸ್ಪತ್ರೆಗೆ ಸೋಮವಾರ ಹೋಗೋಣ ಎಂದ ಅಪ್ಪ. ಅಲ್ಲಿ ತಲೆ ಕೊಯ್ದುಬಿಡುತ್ತಾರೆಂಬ ಭಯಕ್ಕೆ ಅಜ್ಜಿ ಭಾನುವಾರವೇ ಅರಿಶಿನದ ಕೊಂಬನ್ನು ಕೆಂಡಕ್ಕಿಟ್ಟಳು. ನಮ್ಮಲ್ಲಿ ದನಕ್ಕೂ ಮಗುವಿಗೂ ಒಂದೇ ಮದ್ದು, ಬರೆ.

"ಕೈ ಬಿಗಿಯಾಗಿ ಹಿಡ್ಕೊಳೇ! ನಿಂತವ್ಳೆ ನೋಡು, ಬೆಪ್ಪುತಕ್ಕಡಿ!"

ಹಿಡಿದೆ. ಥೂ ನನ್ನ ಜನ್ಮಕ್ಕೆ, ಹಿಡಿದೆ! ತಂಗಿ "ಅಕ್ಕಾ, ಬುಡೇ" ಎಂದು ಕಿರುಚಿದಳು. ಬಿಡಲಿಲ್ಲ. ಅಜ್ಜಿಗೆ ಹೆದರಿದ್ದೆ ಎಂದರೆ ಅರ್ಧ ನಿಜ. ಗಂಟು ಕರಗುತ್ತದೆಂದು ನಾನೂ ನಂಬಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹೆದರ್ಬೇಡಿ, ಕ್ಯಾನ್ಸರ್ ಥರ ಕಾಣ್ತಿಲ್ಲ. ಮೂಳೆಯೇ ಗಂಟಾಗಿದೆ, ಬಹಳ ಅಪರೂಪ. ಅದರಿಂದ ಅಪಾಯ ಇಲ್ಲ. ಆದ್ರೆ ಅದರ ಹಿಂದೆ ಕೀವು ತುಂಬಿ ಕಿವಿಯ ಪುಟ್ಟ ಮೂಳೆಗಳನ್ನ ತಿಂತಾ ಇದೆ. ಈ ವಾರವೇ ತೆಗೆದ್ರೆ ಕೇಳ್ಸೋದು ಉಳಿಯುತ್ತೆ."

ಆಮೇಲೆ ಕೂದಲು ಸರಿಸಿ, ಮೆತ್ತಿದ್ದ ಅರಿಶಿನ ಒರೆಸಿ, ಬರೆ ಕಂಡರು.

"ಯಾರ್ರೀ ಸುಟ್ಟಿದ್ದು? ನಾನು ಕೊಯ್ಯಬೇಕಾದ ಜಾಗಾನೇ ಸುಟ್ಟಿದ್ದೀರಲ್ರೀ! ಇದು ಒಣಗೋವರೆಗೂ ಚಾಕು ಹಾಕೋ ಹಾಗಿಲ್ಲ."

"ನಾನೇ ಸಾರ್" ಎಂದಳು ಅಜ್ಜಿ. ನಾನು ನೆಲ ನೋಡುತ್ತಿದ್ದೆ.

ಗಾಯ ಒಣಗುವ ಬದಲು ಕೀವಾಯಿತು. ಒಂದು ವಾರ, ಎರಡು, ಮೂರು. ದಿನಾ ಬೆಳಿಗ್ಗೆ ನಾನು ತಂಗಿಯ ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಎಡಗಿವಿಯ ಹತ್ತಿರ ಬೆಂಕಿಪೊಟ್ಟಣ ಅಲ್ಲಾಡಿಸುತ್ತಿದ್ದೆ. ಮೊದಮೊದಲು ಕಣ್ಣು ಮುಚ್ಚಿಕೊಂಡೇ "ಹ್ಞೂಂ" ಎನ್ನುತ್ತಿದ್ದಳು. ನಾಲ್ಕನೇ ವಾರ ಒಂದು ದಿನ, "ಅಲ್ಲಾಡ್ಸೇ, ಯಾಕೆ ಸುಮ್ಕಿದ್ದೀಯ?" ಎಂದಳು. ನಾನು ಅಲ್ಲಾಡಿಸುತ್ತಲೇ ಇದ್ದೆ.

ಕೊನೆಗೂ ಆಪರೇಷನ್ ಆಯಿತು. ಗಂಟನ್ನೂ ಕೀವನ್ನೂ ತೆಗೆದರು. ಜೀವಕ್ಕೆ ಭಯವಿಲ್ಲ, ಆದರೆ ಆ ಕಿವಿ ಇನ್ನು ಕೇಳಿಸದು ಎಂದರು. ಅಜ್ಜಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡಳು. ಎಲ್ಲರೂ ಅವಳನ್ನು ಬೈದರು. ಮಾನಗೆಟ್ಟ ನಾನೂ ಬೈದೆ.

ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಬ್ಯಾಂಡೇಜು ಕಟ್ಟಿದ ಕಡೆಗೇ ಬಗ್ಗಿ ಪಿಸುಗುಟ್ಟಿದೆ: "ತಪ್ಪಾಯ್ತು ಕಣೇ. ನಾನು ಕೈ ಬಿಡಬೇಕಿತ್ತು." ಕೇಳಿಸದ ಕಿವಿಗೇ ಹೇಳಿದೆ. ನನಗಿದ್ದ ಧೈರ್ಯ ಅಷ್ಟೇ.

ನನ್ನ ಉಸಿರು ತಾಗಿತೇನೋ, ಕಣ್ಣು ಬಿಟ್ಟಳು. "ಏನಂದೆ ಅಕ್ಕಾ? ಈ ಕಡೆ ಬಂದು ಹೇಳು."

"ಏನಿಲ್ಲ, ಮಲಕ್ಕೋ" ಎಂದೆ.